ಕೆನೆತ್ ಆಂಡರ್ಸನ್

ಕೆನೆತ್ ಆಂಡರ್ಸನ್ (8 ಮಾರ್ಚ್ 1910 – 30 ಆಗಸ್ಟ್ 1974) ಬೆಂಗಳೂರಿನಲ್ಲಿ ನೆಲೆಸಿದ್ದ ಬೇಟೆಗಾರರು ಮತ್ತು ಇಂಗ್ಲಿಷ್ ಲೇಖಕರು. ದಕ್ಷಿಣ ಭಾರತದ ನರಭಕ್ಷಕ ಪ್ರಾಣಿಗಳ ಬೇಟೆಯ ಕಥನಗಳಿಂದ ಪ್ರಸಿದ್ಧರಾದ ಇವರನ್ನು ಕನ್ನಡದ ಓದುಗರು ಹೆಚ್ಚಾಗಿ ಬಲ್ಲದ್ದು ಪೂರ್ಣಚಂದ್ರ ತೇಜಸ್ವಿಯವರ ‘ಕಾಡಿನ ಕತೆಗಳು’ ಸಂಪುಟಗಳ ಮೂಲಕ.

ಜೀವನ

ಸಿಕಂದರಾಬಾದಿನ ಬೊಲಾರಂನಲ್ಲಿ ಜನಿಸಿದ ಆಂಡರ್ಸನ್, ತಲೆಮಾರುಗಳಿಂದ ಭಾರತದಲ್ಲಿದ್ದ ಸ್ಕಾಟಿಷ್ ಮೂಲದ ಕುಟುಂಬದವರು. ಬೆಂಗಳೂರಿನ ಬಿಷಪ್ ಕಾಟನ್ ಶಾಲೆಯಲ್ಲಿ ಓದಿದರು. ಅಂಚೆ ಮತ್ತು ತಂತಿ ಇಲಾಖೆಯಲ್ಲೂ ಅನಂತರ ಬೆಂಗಳೂರಿನ ವಿಮಾನ ಕಾರ್ಖಾನೆಯಲ್ಲೂ ಕೆಲಸ ಮಾಡಿದರು.

ಕೋವಿ ಮತ್ತು ತೋಟಾ

ಇವರ ಮೆಚ್ಚಿನ ಆಯುಧ 1895ರ ಮಾದರಿಯ .405 ವಿಂಚೆಸ್ಟರ್ ರೈಫಲ್. ಇದರ ತೋಟಾ 1904ರಲ್ಲಿ ಬಳಕೆಗೆ ಬಂದಿತು; ಗುಂಡಿನ ತೂಕ 300 ಗ್ರೇನ್, ಅಂದರೆ ಸುಮಾರು 19 ಗ್ರಾಂ. ಅಮೆರಿಕದ ಥಿಯೊಡೋರ್ ರೂಸ್‌ವೆಲ್ಟ್ 1909ರ ಆಫ್ರಿಕಾ ಬೇಟೆಗೆ ಒಯ್ದದ್ದೂ ಇದೇ ಮಾದರಿಯನ್ನು.

ಗೂಡಿನೊಳಗೆ ತೋಟಾ ಮುಂದೆ ಸರಿಯದಂತೆ ತಡೆಯುವ ಜಾಗದಿಂದ ಬೋಲ್ಟಿನ ಮುಖದವರೆಗಿನ ಅಳತೆಗೆ ಹೆಡ್‌ಸ್ಪೇಸ್ ಎಂದು ಹೆಸರು. ಇದು ಹೆಚ್ಚಾದರೆ ಸೂಜಿಯ ಪೆಟ್ಟು ದುರ್ಬಲವಾಗಿ ಈಡು ಹಾರದೇ ಹೋಗಬಹುದು, ಇಲ್ಲವೇ ಹಾರಿದಾಗ ಹಿತ್ತಾಳೆಯ ಕೋಶ ಹಿಗ್ಗಿ ಬುಡದ ಬಳಿ ಸೀಳಬಹುದು. ಕಡಿಮೆಯಾದರೆ ಬೋಲ್ಟು ಮುಚ್ಚುವುದೇ ಇಲ್ಲ. ಗಾಯಗೊಂಡ ಹುಲಿ ಎದುರಿಗಿರುವಾಗ ಇವೆರಡೂ ಒಂದೇ. .405 ತೋಟಾದ ಬುಡದಲ್ಲಿ ಹೊರಚಾಚಿದ ಅಂಚಿದ್ದು, ಈ ಅಳತೆಯನ್ನು ಅದೇ ನಿರ್ಧರಿಸುತ್ತದೆ. ಜಿಮ್ ಕಾರ್ಬೆಟ್ ಬಳಸಿದ .275 ರಿಗ್ಬಿಯಂಥ ಅಂಚಿಲ್ಲದ ತೋಟಾದಲ್ಲಾದರೋ ಕೋಶದ ‘ಭುಜ’ವೇ ತಡೆ. ಹಾರಿಸಿದ ಅಂಥ ಕೋಶಕ್ಕೆ ಮತ್ತೆ ಮದ್ದು ತುಂಬುವವರು ಅಚ್ಚಿನಲ್ಲಿ ಒತ್ತುವಾಗ ಭುಜವನ್ನು ಅತಿಯಾಗಿ ಹಿಂದಕ್ಕೆ ತಳ್ಳಿದರೆ, ಸುಸ್ಥಿತಿಯ ಕೋವಿಯಲ್ಲೂ ಹೆಚ್ಚುವರಿ ಸಂದು ಉಂಟಾಗುತ್ತದೆ. ಅದಕ್ಕಾಗಿಯೇ ಅಂಗುಲದ ಸಾವಿರದ ಒಂದೆರಡು ಭಾಗಗಳಷ್ಟೇ ಒತ್ತುವುದು ವಾಡಿಕೆ.

ಬೇಟೆ ಮತ್ತು ಬರವಣಿಗೆ

1939ರಿಂದ 1966ರ ನಡುವೆ 8 ನರಭಕ್ಷಕ ಚಿರತೆಗಳನ್ನೂ 7 ಹುಲಿಗಳನ್ನೂ ಕೊಂದರೆಂದು ಹೇಳಲಾಗುತ್ತದೆ. ಜವಳಗಿರಿಯ ಹೆಣ್ಣು ಹುಲಿ, 42 ಜನರನ್ನು ಬಲಿ ತೆಗೆದುಕೊಂಡಿತೆನ್ನಲಾದ ಗುಮ್ಮಳಾಪುರದ ಚಿರತೆ ಹಾಗೂ ಅರಸೀಕೆರೆ ಬಳಿಯ ಬೆಟ್ಟಗಳ ಕರಡಿ ಇವರ ಪ್ರಸಿದ್ಧ ಬೇಟೆಗಳು. ಈ ಪ್ರಸಂಗಗಳ ವಿವರಗಳಿಗೆ ಮುಖ್ಯ ಆಧಾರ ಅವರದೇ ಬರಹವೆಂಬುದನ್ನು ಓದುಗರು ಗಮನಿಸಬೇಕು. ಮೊದಲ ಪುಸ್ತಕ 1954ರಲ್ಲಿ ಪ್ರಕಟವಾಯಿತು. ಕಾಡಂಚಿನ ಹಳ್ಳಿಗಳ ಬದುಕು, ಬುಡಕಟ್ಟು ಜನರ ಪತ್ತೆಗಾರಿಕೆ, ಕ್ಷೀಣಿಸುತ್ತಿದ್ದ ಅರಣ್ಯಗಳ ಚಿತ್ರಣ ಅವುಗಳಲ್ಲಿ ಬೇಟೆಯಷ್ಟೇ ಜಾಗ ಪಡೆದಿವೆ.

ಕ್ಯಾನ್ಸರ್‌ನಿಂದ ಬಳಲಿ 1974ರಲ್ಲಿ ಬೆಂಗಳೂರಿನಲ್ಲಿ ನಿಧನರಾದರು.