ಲಾರ್ಸ್ ಲೆಕ್ಸೆಲ್

ಲಾರ್ಸ್ ಲೆಕ್ಸೆಲ್ (ನವೆಂಬರ್ ೨೩, ೧೯೦೭ – ಜನವರಿ ೧೨, ೧೯೮೬) ಸ್ವೀಡನ್ ದೇಶದ ಪ್ರಸಿದ್ಧ ನರಶಸ್ತ್ರಚಿಕಿತ್ಸಕರು. ತಲೆಬುರುಡೆಯನ್ನು ತೆರೆಯದೆ, ಮಿದುಳಿನ ನಿರ್ದಿಷ್ಟ ಭಾಗಕ್ಕೆ ಮಾತ್ರ ವಿಕಿರಣವನ್ನು ತಲುಪಿಸುವ ವಿಕಿರಣ ಶಸ್ತ್ರಚಿಕಿತ್ಸೆಯ ಪ್ರವರ್ತಕರು.

ಜೀವನ

ಲೆಕ್ಸೆಲ್ ಅವರು ಸ್ವೀಡನ್ನಿನ ಫೆಸ್‌ಬರ್ಗ್‌ನಲ್ಲಿ ಜನಿಸಿದರು. ಸ್ಟಾಕ್‌ಹೋಮ್‌ನ ಕರೋಲಿನ್ಸ್ಕಾ ಸಂಸ್ಥೆಯಲ್ಲಿ ವೈದ್ಯಕೀಯ ಶಿಕ್ಷಣ ಪಡೆದು, ಹರ್ಬರ್ಟ್ ಒಲಿವೆಕ್ರೋನಾ ಅವರಲ್ಲಿ ನರಶಸ್ತ್ರಚಿಕಿತ್ಸೆಯ ತರಬೇತಿ ಹೊಂದಿದರು. ೧೯೫೮ರಲ್ಲಿ ಲುಂಡ್‌ನಲ್ಲಿ ಪ್ರಾಧ್ಯಾಪಕರಾದರು. ೧೯೬೦ರಲ್ಲಿ ಕರೋಲಿನ್ಸ್ಕಾದಲ್ಲಿ ತಮ್ಮ ಗುರುವಿನ ಸ್ಥಾನಕ್ಕೆ ಬಂದು, ೧೯೭೪ರವರೆಗೆ ಸೇವೆ ಸಲ್ಲಿಸಿದರು.

ಸ್ಟೀರಿಯೊಟ್ಯಾಕ್ಟಿಕ್ ಚೌಕಟ್ಟು

ಅಂದಿನ ದಿನಗಳಲ್ಲಿ ಮಿದುಳಿನ ಆಳದ ಶಸ್ತ್ರಚಿಕಿತ್ಸೆ ಬಹಳ ಅಪಾಯಕಾರಿಯಾಗಿತ್ತು. ಗುರಿಯನ್ನು ತಲುಪುವ ದಾರಿಯಲ್ಲಿ ಆರೋಗ್ಯವಂತ ಭಾಗಗಳಿಗೂ ಪೆಟ್ಟಾಗುತ್ತಿತ್ತು. ಇದಕ್ಕೆ ಪರಿಹಾರವಾಗಿ ಲೆಕ್ಸೆಲ್ ೧೯೪೯ರಲ್ಲಿ ಅರ್ಧವೃತ್ತಾಕಾರದ ಕಮಾನುಳ್ಳ ಉಪಕರಣವೊಂದನ್ನು ಪ್ರಕಟಿಸಿದರು. ಇದರ ಲೋಹದ ಚೌಕಟ್ಟನ್ನು ರೋಗಿಯ ತಲೆಬುರುಡೆಗೆ ಬಿಗಿದು, ಆ ಸ್ಥಿತಿಯಲ್ಲಿಯೇ ಕ್ಷ-ಕಿರಣ ಚಿತ್ರಗಳನ್ನು ತೆಗೆಯಲಾಗುತ್ತಿತ್ತು. ಸಾಮಾನ್ಯ ಕ್ಷ-ಕಿರಣ ಚಿತ್ರದಲ್ಲಿ ಮಿದುಳಿನ ಒಳರಚನೆ ಕಾಣದ ಕಾರಣ, ಅದರ ಕುಹರಗಳಿಗೆ ಗಾಳಿಯನ್ನು ತುಂಬಿ ಅವುಗಳ ಆಕಾರವನ್ನು ಗುರುತಿಸುತ್ತಿದ್ದರು. ಗುರಿಯ ಸ್ಥಾನವನ್ನು ಚೌಕಟ್ಟಿನ ಮೂರು ಅಳತೆಗಳಲ್ಲಿ ನಿರ್ಧರಿಸಿ, ಅದನ್ನು ಕಮಾನಿನ ಕೇಂದ್ರಬಿಂದುವಿಗೆ ತರುತ್ತಿದ್ದರು. ಆಗ ಕಮಾನಿನ ಯಾವ ದಿಕ್ಕಿನಿಂದ ಸಾಗಿದರೂ ಉಪಕರಣದ ತುದಿ ಅದೇ ಬಿಂದುವನ್ನು ಮುಟ್ಟುತ್ತಿತ್ತು.

ವಿಕಿರಣ ಶಸ್ತ್ರಚಿಕಿತ್ಸೆ

ಸೂಜಿಯ ಬದಲು ಕಿರಣಗಳನ್ನೇ ಆ ಬಿಂದುವಿಗೆ ಹಾಯಿಸುವ ವಿಚಾರವನ್ನು ಅವರು ೧೯೫೧ರಲ್ಲಿ ಮಂಡಿಸಿದರು. ಪ್ರತಿಯೊಂದು ಕಿರಣವೂ ದುರ್ಬಲ. ಆದರೆ ಹಲವು ದಿಕ್ಕುಗಳಿಂದ ಬಂದು ಸಂಧಿಸುವ ಸ್ಥಳದಲ್ಲಿ ಮಾತ್ರ ಅವುಗಳ ಒಟ್ಟು ಪ್ರಮಾಣ ಅಧಿಕವಾಗುತ್ತದೆ. ಮೊದಲಿಗೆ ಕ್ಷ-ಕಿರಣಗಳನ್ನು, ಬಳಿಕ ಉಪ್ಸಾಲಾದಲ್ಲಿ ಭೌತವಿಜ್ಞಾನಿ ಬೋರ್ಯೆ ಲಾರ್ಸನ್ ಅವರೊಡನೆ ಪ್ರೋಟಾನ್ ಕಿರಣಗಳನ್ನು ಪ್ರಯೋಗಿಸಿದರು. ಪ್ರೋಟಾನ್ ವ್ಯವಸ್ಥೆ ಆಸ್ಪತ್ರೆಯ ನಿತ್ಯ ಬಳಕೆಗೆ ತೊಡಕಾದುದರಿಂದ ಕೋಬಾಲ್ಟ್-೬೦ನ್ನು ಆರಿಸಿಕೊಂಡರು. ೧೯೬೮ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ಸಿದ್ಧವಾದ ಮೊದಲ ಗಾಮಾ ನೈಫ್ ಯಂತ್ರದಲ್ಲಿ ೧೭೯ ಕೋಬಾಲ್ಟ್ ಆಕರಗಳಿದ್ದವು. ಹೆಸರಿನಲ್ಲಿ ಚಾಕು ಇದ್ದರೂ ಇದರಲ್ಲಿ ಅಲಗಿಲ್ಲ.

ಮಹತ್ವ

ಕಿರಣ ಎಷ್ಟೇ ಸೂಕ್ಷ್ಮವಾಗಿದ್ದರೂ ತಲೆ ಸ್ವಲ್ಪ ಸರಿದರೆ ಅದು ಆರೋಗ್ಯವಂತ ಭಾಗವನ್ನು ಸುಡುತ್ತದೆ. ಚಿತ್ರ ತೆಗೆಯುವಾಗಲೂ ಚಿಕಿತ್ಸೆಯ ವೇಳೆಯಲ್ಲೂ ಒಂದೇ ಚೌಕಟ್ಟನ್ನು ಬಳಸಿ, ಲೆಕ್ಸೆಲ್ ಈ ಅಪಾಯವನ್ನು ತಗ್ಗಿಸಿದರು. ಸಿ.ಟಿ. ಮತ್ತು ಎಂ.ಆರ್.ಐ. ಬಂದ ಮೇಲೆ ಗಡ್ಡೆಯನ್ನೇ ನೇರವಾಗಿ ಕಾಣುವುದು ಸಾಧ್ಯವಾಗಿ, ಈ ವಿಧಾನದ ನಿಖರತೆ ಇನ್ನಷ್ಟು ಹೆಚ್ಚಿತು. ಇಂದಿನ ಕೆಲವು ಯಂತ್ರಗಳಲ್ಲಿ ಚೌಕಟ್ಟಿನ ಬದಲು ಮುಖವಾಡವನ್ನು ತೊಡಿಸಿ, ಚಿಕಿತ್ಸೆಗೆ ಮುನ್ನ ಮತ್ತೆ ಚಿತ್ರ ತೆಗೆದು ತಲೆಯ ಸ್ಥಾನವನ್ನು ಸರಿಪಡಿಸಲಾಗುತ್ತದೆ.

ನಿಧನ

ಲೆಕ್ಸೆಲ್ ಅವರು ೧೯೮೬ರಲ್ಲಿ, ತಮ್ಮ ೭೮ನೆಯ ವಯಸ್ಸಿನಲ್ಲಿ, ಸ್ವಿಟ್ಜರ್ಲೆಂಡಿನಲ್ಲಿ ನಿಧನರಾದರು.