ಪೆಟ್ಟಿಗೆಯಲ್ಲಿ ಉಳಿದ ಪ್ರೇಮಕಥೆ
ಆಂಗ್ಲ ಕಾದಂಬರಿಕಾರ ಇ. ಎಂ. ಫಾರ್ಸ್ಟರರ ಜೀವನ

ಲೋಕವಿಖ್ಯಾತನಾದ ಲೇಖಕನೊಬ್ಬನು ತನ್ನ ಮೂವತ್ತೈದನೆಯ ವಯಸ್ಸಿನಲ್ಲಿ ಬರೆದು ಮುಗಿಸಿದ ಕಾದಂಬರಿಯನ್ನು ತೊಂಬತ್ತೊಂದನೆಯ ವಯಸ್ಸಿನಲ್ಲಿ ಕಣ್ಣು ಮುಚ್ಚುವವರೆಗೂ ಅಚ್ಚಿಗೆ ಕೊಡಲಿಲ್ಲವೆಂದರೆ ವಾಚಕರಿಗೆ ಆಶ್ಚರ್ಯವಾದೀತು. ಪುಸ್ತಕದಲ್ಲಿ ರಾಜದ್ರೋಹವಿರಲಿಲ್ಲ, ದೇವನಿಂದೆಯೂ ಇರಲಿಲ್ಲ. ಇಬ್ಬರು ತರುಣರು ಪರಸ್ಪರ ಪ್ರೀತಿಸಿದರು, ಕೊನೆಗೆ ಸುಖವಾಗಿ ಒಂದುಗೂಡಿದರು ಎಂಬುದಷ್ಟೇ ಅದರ ಕಥೆ. ಆ ಕಾದಂಬರಿ ‘ಮಾರಿಸ್’. ಲೇಖಕರು ಎಡ್ವರ್ಡ್ ಮಾರ್ಗನ್ ಫಾರ್ಸ್ಟರ್. ಅವರ ಜೀವನವನ್ನು ಇಂದು ನಮ್ಮ ವಾಚಕರ ಮುಂದಿಡಲು ಬಯಸುತ್ತೇವೆ.

ಫಾರ್ಸ್ಟರರು 1879 ರ ಜನವರಿ 1 ರಂದು ಲಂಡನ್ನಿನಲ್ಲಿ ಜನಿಸಿದರು. ವಾಸ್ತುಶಿಲ್ಪಿಯಾಗಿದ್ದ ತಂದೆ ಮರುವರ್ಷವೇ ಕ್ಷಯರೋಗದಿಂದ ತೀರಿಕೊಂಡರು. ತಾಯಿಯ ಸೆರಗಿನಲ್ಲಿ ಬೆಳೆದ ಒಂಟಿ ಮಗುವಿಗೆ ಟನ್‌ಬ್ರಿಜ್ ಶಾಲೆಯು ಸಹಪಾಠಿಗಳ ಪೀಡನೆಯಿಂದ ನರಕಸದೃಶವಾಯಿತು. ಅವರಿಗೆ ಹದಿನಾರು ವರ್ಷವಾಗಿದ್ದಾಗ, 1895 ರಲ್ಲಿ, ಪ್ರಸಿದ್ಧ ನಾಟಕಕಾರ ಆಸ್ಕರ್ ವೈಲ್ಡರು ಪುರುಷರೊಡನೆ ಸಂಬಂಧ ಬೆಳೆಸಿದ ಅಪರಾಧಕ್ಕಾಗಿ ಎರಡು ವರ್ಷಗಳ ಕಠಿಣ ಸಜೆಗೆ ಗುರಿಯಾದರು. ತನ್ನ ಮನಸ್ಸೂ ಅದೇ ದಾರಿಯದೆಂದು ಮುಂದೆ ಅರಿತುಕೊಂಡ ಹುಡುಗನಿಗೆ ಆ ತೀರ್ಪು ಮರೆಯುವಂಥದಾಗಿರಲಿಲ್ಲ.

1897 ರಲ್ಲಿ ಕೇಂಬ್ರಿಜ್ಜಿನ ಕಿಂಗ್ಸ್ ಕಾಲೇಜನ್ನು ಸೇರಿದ ಮೇಲೆ ಅವರಿಗೆ ಗೆಳೆಯರೂ ಧೈರ್ಯವೂ ದೊರೆತವು. 1905 ರಿಂದ 1910 ರವರೆಗೆ ನಾಲ್ಕು ಕಾದಂಬರಿಗಳು ಪ್ರಕಟವಾಗಿ, ಕೊನೆಯದಾದ ‘ಹವರ್ಡ್ಸ್ ಎಂಡ್’ ಅವರಿಗೆ ಅಪಾರ ಕೀರ್ತಿಯನ್ನು ತಂದಿತು. ಅದೇ ಕಾಲದಲ್ಲಿ ಅವರು ಲಂಡನ್ನಿನ ಕಾರ್ಮಿಕರ ಕಾಲೇಜಿನಲ್ಲಿ, ಹಗಲೆಲ್ಲ ದುಡಿದು ಸಂಜೆ ಓದಲು ಬರುತ್ತಿದ್ದವರಿಗೆ, ಲ್ಯಾಟಿನ್ ಪಾಠ ಹೇಳುತ್ತಿದ್ದರು. ಮುಂಬಯಿಯ ಕನ್ನಡ ರಾತ್ರಿ ಶಾಲೆಗಳಲ್ಲಿ ಹೋಟೆಲಿನ ಕೆಲಸ ಮುಗಿಸಿ ಅಕ್ಷರ ಕಲಿತ ನಮ್ಮ ಹಿರಿಯರನ್ನು ಬಲ್ಲವರಿಗೆ ಆ ತರಗತಿಗಳ ಬೆಲೆಯನ್ನು ವಿವರಿಸಬೇಕಾಗಿಲ್ಲ.

ಅವರ ಖಾಸಗಿ ಶಿಷ್ಯನಾಗಿ 1906 ರಲ್ಲಿ ಬಂದವರು ಸೈಯದ್ ರಾಸ್ ಮಸೂದ್, ಅಲಿಗಢದ ಸರ್ ಸೈಯದ್ ಅಹಮದ್ ಖಾನರ ಮೊಮ್ಮಗ. ಗುರುವಿಗೆ ಶಿಷ್ಯನಲ್ಲಿ ಪ್ರೇಮ ಮೂಡಿತು. ಮಸೂದರು ಆ ಪ್ರೇಮವನ್ನು ಪ್ರೇಮವಾಗಿ ಸ್ವೀಕರಿಸಲಿಲ್ಲ. ಆದರೆ ಹೀಗಳೆಯಲೂ ಇಲ್ಲ, ಕೊನೆಯವರೆಗೆ ಸ್ನೇಹಿತರಾಗಿಯೇ ಉಳಿದರು. ಮುಂದೆ ಅವರು ಹೈದರಾಬಾದ್ ಸಂಸ್ಥಾನದ ವಿದ್ಯಾಧಿಕಾರಿಯಾದರು. ಕಲಬುರಗಿ, ರಾಯಚೂರು, ಬೀದರ ಜಿಲ್ಲೆಗಳು ಅಂದು ಆ ಸಂಸ್ಥಾನಕ್ಕೇ ಸೇರಿದ್ದವು. ಮಸೂದರನ್ನೂ ಅವರ ನಾಡನ್ನೂ ಕಾಣಲೆಂದು ಫಾರ್ಸ್ಟರರು 1912 ರ ಅಕ್ಟೋಬರಿನಲ್ಲಿ ಮುಂಬಯಿ ಬಂದರಿನಲ್ಲಿ ಇಳಿದರು. ಮುಂದಿನ ವಸಂತದವರೆಗೆ ದೇಶವನ್ನು ಸುತ್ತಿ ಹಿಂದಿರುಗಿದರು.

1913 ರ ಸೆಪ್ಟೆಂಬರಿನಲ್ಲಿ ಅವರು ಎಡ್ವರ್ಡ್ ಕಾರ್ಪೆಂಟರ್ ಎಂಬ ವೃದ್ಧ ಚಿಂತಕರನ್ನು ನೋಡಲು ಹೋದರು. ಕಾರ್ಪೆಂಟರರು ಬಡತನದಲ್ಲಿ ಬೆಳೆದ ಜಾರ್ಜ್ ಮೆರಿಲ್ ಎಂಬುವನೊಡನೆ ಹಳ್ಳಿಯೊಂದರಲ್ಲಿ ದಂಪತಿಗಳಂತೆ ಬಹಿರಂಗವಾಗಿಯೇ ಬಾಳುತ್ತಿದ್ದರು. ಹಾಗೆ ಬಾಳುವುದು ಸಾಧ್ಯವೆಂಬುದನ್ನು ಕಣ್ಣಾರೆ ಕಂಡದ್ದೇ ‘ಮಾರಿಸ್’ ಕಾದಂಬರಿಯ ಬೀಜವಾಯಿತು.

ಕಥಾನಾಯಕ ಮಾರಿಸ್ ಹಾಲ್ ತಂದೆಯನ್ನು ಕಳೆದುಕೊಂಡ ಸಾಧಾರಣ ತರುಣ. ಷೇರು ದಲಾಲಿಯ ಕಚೇರಿಯಲ್ಲಿ ಅವನ ಉದ್ಯೋಗ. ಕೇಂಬ್ರಿಜ್ಜಿನಲ್ಲಿ ಕ್ಲೈವ್ ಎಂಬ ಶ್ರೀಮಂತ ಗೆಳೆಯನು ಅವನಲ್ಲಿ ಪ್ರೇಮವನ್ನು ಎಬ್ಬಿಸಿ, ಕೆಲವು ವರ್ಷಗಳ ಬಳಿಕ ಅವನನ್ನು ತೊರೆದು ಮದುವೆಯಾಗುತ್ತಾನೆ. ಗಾಯಗೊಂಡ ಮಾರಿಸ್ ತನ್ನದು ರೋಗವೆಂದು ನಂಬಿ ವೈದ್ಯರ ಬಾಗಿಲು ತಟ್ಟುತ್ತಾನೆ, ಸಮ್ಮೋಹನ ಚಿಕಿತ್ಸೆಗೂ ಒಳಗಾಗುತ್ತಾನೆ, ಫಲವಾಗುವುದಿಲ್ಲ. ಆಗ ಕ್ಲೈವನ ಎಸ್ಟೇಟಿನ ಬೇಟೆಗಾವಲುಗಾರ ಅಲೆಕ್ ಸ್ಕಡರನು ಒಂದು ರಾತ್ರಿ ಏಣಿ ಹತ್ತಿ ಅವನ ಕೋಣೆಗೆ ಬರುತ್ತಾನೆ. ಒಡೆಯರ ವರ್ಗದವನಿಗೂ ಆಳಿಗೂ ನಡುವೆ ಸಂಶಯ, ಬೆದರಿಕೆ, ಜಗಳಗಳೆಲ್ಲ ನಡೆಯುತ್ತವೆ. ಅಲೆಕ್ ಹೊಟ್ಟೆಪಾಡಿಗಾಗಿ ಅರ್ಜೆಂಟೀನಾಕ್ಕೆ ಹೊರಟವನು. ಕೊನೆಯಲ್ಲಿ ಹಡಗು ಹೊರಡುತ್ತದೆ. ಅದರಲ್ಲಿ ಅಲೆಕ್ ಇರುವುದಿಲ್ಲ. ಅವನು ಮಾರಿಸನಿಗಾಗಿ ಕಾದಿರುತ್ತಾನೆ.

1914 ರಲ್ಲಿ ಹಸ್ತಪ್ರತಿ ಪೂರ್ಣಗೊಂಡಿತು. ಪ್ರೇಮಿಗಳಲ್ಲೊಬ್ಬನು ನೇಣು ಹಾಕಿಕೊಂಡಿದ್ದರೆ ಪ್ರಕಟಣೆ ಸುಲಭವಾಗುತ್ತಿತ್ತೆಂಬುದನ್ನು ಫಾರ್ಸ್ಟರರು ಬಲ್ಲರು. ಪಾಪಿಗೆ ಶಿಕ್ಷೆಯಾಯಿತೆಂದು ಸಮಾಜ ಸಮಾಧಾನಗೊಳ್ಳುತ್ತಿತ್ತು. ಆದರೆ ಕಥೆ ಸುಖಾಂತವೇ ಆಗಬೇಕೆಂಬ ಹಟವನ್ನು ಅವರು ಬಿಡಲಿಲ್ಲ. ಆಪ್ತಮಿತ್ರರಲ್ಲಿ ಕೆಲವರು ಇಂತಹ ಬಾಂಧವ್ಯ ಬಹುಕಾಲ ಬಾಳದೆಂದು ಸಂಶಯಪಟ್ಟರೂ ಬದಲಿಸಲಿಲ್ಲ. ಪುಸ್ತಕ ಪೆಟ್ಟಿಗೆ ಸೇರಿತು.

ಮೊದಲ ಮಹಾಯುದ್ಧದಲ್ಲಿ ರೆಡ್ ಕ್ರಾಸ್ ಸೇವೆಗೆಂದು ಅಲೆಕ್ಸಾಂಡ್ರಿಯಕ್ಕೆ ಹೋದಾಗ ಅವರಿಗೆ ಮೊಹಮ್ಮದ್ ಅಲ್-ಅದ್ಲ್ ಎಂಬ ಟ್ರಾಂ ಕಂಡಕ್ಟರನು ಪರಿಚಿತನಾದನು. ಬರೆದ ಕಥೆ ಬಾಳಿನಲ್ಲಿಯೂ ನಿಜವಾದಂತಾಯಿತು. ಆದರೆ ಅಲ್ಪಕಾಲ ಮಾತ್ರ. 1921 ರಲ್ಲಿ ದೇವಾಸ್ ಮಹಾರಾಜರ ಖಾಸಗಿ ಕಾರ್ಯದರ್ಶಿಯಾಗಿ ಮತ್ತೆ ಭಾರತಕ್ಕೆ ಬಂದು ಹಿಂದಿರುಗುವ ದಾರಿಯಲ್ಲಿ ಅವರು ಈಜಿಪ್ಟಿನಲ್ಲಿ ಕಂಡದ್ದು ಕ್ಷಯದಿಂದ ಬಳಲುತ್ತಿದ್ದ ಮೊಹಮ್ಮದನನ್ನು. 1922 ರಲ್ಲಿ ಅವನು ತೀರಿಕೊಂಡನು. ಬಹಿರಂಗವಾಗಿ ಅಳುವ ಹಕ್ಕು ಕೂಡ ಫಾರ್ಸ್ಟರರಿಗಿರಲಿಲ್ಲ.

1924 ರಲ್ಲಿ ‘ಎ ಪ್ಯಾಸೇಜ್ ಟು ಇಂಡಿಯಾ’ ಪ್ರಕಟವಾಯಿತು. ಅದನ್ನು ಮಸೂದರಿಗೆ ಅರ್ಪಿಸಿದರು. ಆ ಬಳಿಕ ನಲವತ್ತಾರು ವರ್ಷ ಬದುಕಿದ್ದರೂ ಅವರ ಮತ್ತೊಂದು ಕಾದಂಬರಿ ಹೊರಬರಲಿಲ್ಲ. ಗಂಡು ಹೆಣ್ಣಿನ ಪ್ರೇಮವನ್ನು ಬರೆದು ಬೇಸತ್ತವರಿಗೆ ತಾವು ಅರಿತ ಪ್ರೇಮವನ್ನು ಪ್ರಕಟಿಸುವ ಸ್ವಾತಂತ್ರ್ಯವಿಲ್ಲದೆ ಹೋದದ್ದು ಇದರ ಮುಖ್ಯ ಕಾರಣಗಳಲ್ಲೊಂದು. ಆಂಗ್ಲ ಸಾಹಿತ್ಯವು ಆ ಕಾನೂನಿಗೆ ತೆತ್ತ ದಂಡವಿದು. ಆದರೂ ಅನ್ಯರ ನೋವಿಗೆ ಅವರು ದನಿಯಾಗದಿರಲಿಲ್ಲ. 1935 ರಲ್ಲಿ ಮುಲ್ಕ್ ರಾಜ್ ಆನಂದರ ‘ಅನ್‌ಟಚಬಲ್’ ಕಾದಂಬರಿಗೆ ಮುನ್ನುಡಿ ಬರೆದವರು ಅವರೇ.

1930 ರಲ್ಲಿ ದೊರೆತ ಬಾಬ್ ಬಕಿಂಗ್‌ಹ್ಯಾಮ್ ಎಂಬ ಪೋಲೀಸಿನವನ ಸ್ನೇಹ ಕೊನೆಯವರೆಗೆ ನಿಂತಿತು. ಬಾಬನು ವಿವಾಹಿತನಾದ ಮೇಲೆ ಅವನ ಪತ್ನಿಯೂ ಕ್ರಮೇಣ ಫಾರ್ಸ್ಟರರಿಗೆ ಆಪ್ತಳಾದಳು. 1970 ರ ಜೂನ್ 7 ರಂದು ಕವೆಂಟ್ರಿಯಲ್ಲಿ ಆ ದಂಪತಿಗಳ ಮನೆಯಲ್ಲಿಯೇ ಅವರು ಪ್ರಾಣಬಿಟ್ಟರು. ಇಂಗ್ಲೆಂಡು 1967 ರಲ್ಲಿಯೇ ಕಾನೂನನ್ನು ಸಡಿಲಿಸಿತ್ತು. 1971 ರಲ್ಲಿ ‘ಮಾರಿಸ್’ ಬೆಳಕು ಕಂಡಿತು. 1987 ರಲ್ಲಿ ಅದನ್ನು ಚಿತ್ರವಾಗಿಸಿದ ನಿರ್ಮಾಪಕ ಇಸ್ಮಾಯಿಲ್ ಮರ್ಚಂಟರು ನಮ್ಮ ಮುಂಬಯಿಯಲ್ಲಿ ಹುಟ್ಟಿದವರು.

ಆಂಗ್ಲರು 1860 ರ ದಂಡಸಂಹಿತೆಯಲ್ಲಿ ನಮ್ಮ ಮೇಲೆ ಹೇರಿದ 377 ನೆಯ ಕಲಮು ಅವರು ಹೋದ ಮೇಲೂ ಬಹುಕಾಲ ಉಳಿಯಿತು. ಕನ್ನಡದಲ್ಲಿ ವಸುಧೇಂದ್ರರ ‘ಮೋಹನಸ್ವಾಮಿ’ ಕಥಾಸಂಕಲನವು 2013 ರಲ್ಲಿ, ಆ ಕಾನೂನು ಇನ್ನೂ ಇದ್ದಾಗಲೇ, ಪೆಟ್ಟಿಗೆಯಲ್ಲಿ ಅಡಗದೆ ಹೊರಬಂದಿತೆಂಬುದು ನಮ್ಮ ಭಾಷೆಗೆ ಗೌರವದ ಸಂಗತಿ. 2018 ರ ಸೆಪ್ಟೆಂಬರ್ 6 ರಂದು ಸುಪ್ರೀಂ ಕೋರ್ಟು ವಯಸ್ಕರ ಪರಸ್ಪರ ಒಪ್ಪಿಗೆಯ ಪ್ರೇಮ ಅಪರಾಧವಲ್ಲವೆಂದು ಸಾರಿತು.

ಕಾನೂನು ಬದಲಾದ ಮಾತ್ರಕ್ಕೆ ಮನೆ ಮಂದಿ ಬದಲಾಗುವುದಿಲ್ಲ. ರಬಾಳೆಯ ಕಾರ್ಖಾನೆಗಳ ಕಚೇರಿಯಲ್ಲೋ ಹೋಟೆಲಿನಲ್ಲೋ ದುಡಿದು, ನಾಲ್ಕಾರು ಮಂದಿಯೊಡನೆ ಒಂದೇ ಕೋಣೆಯಲ್ಲಿ ಮಲಗುವ ನಮ್ಮ ತರುಣರಲ್ಲಿ, ಹುಡುಗಿ ನೋಡಿದ್ದೇವೆಂದು ಊರಿನಿಂದ ಫೋನು ಬಂದಾಗಲೆಲ್ಲ ಮೌನವಾಗುವವನು ಒಬ್ಬನಿರಬಹುದು. ಅವನನ್ನು ಕೆದಕಿ ಕೇಳುವುದು ನಮ್ಮ ಕೆಲಸವಲ್ಲ. ಅವನೆದುರು ಕುಚೋದ್ಯದ ಮಾತನಾಡದಿರುವುದು ನಮ್ಮ ಕೈಯಲ್ಲಿದೆ. ಅವನೇ ಒಂದು ದಿನ ಬಾಯಿ ತೆರೆದರೆ, ಮಸೂದರು ಫಾರ್ಸ್ಟರರಿಗೆ ಉಳಿಸಿಕೊಟ್ಟ ಸ್ನೇಹವನ್ನಾದರೂ ನಾವು ಅವನಿಗೆ ಉಳಿಸಿಕೊಡೋಣ.