ಬೀಜ ತೆಗೆದ ಹುಣಿಸೆಹಣ್ಣು

ಸಂಕ್ರಾಂತಿ ಕಳೀತು ಅಂದರೆ ನಮ್ಮ ಮಡಕಶಿರಾ ಸೀಮೆಯಲ್ಲಿ ಹುಣಿಸೆ ಬಡಿಯುವ ಕಾಲ. ಗಂಡಸರು ಮರ ಹತ್ತಿ ಕೊಂಬೆ ಕುಲುಕುತ್ತಾರೆ. ಹೆಂಗಸರು ಜಗಲಿ ಮೇಲೆ ಕೂತು ಸಿಪ್ಪೆ ಬಿಡಿಸಿ, ಕುಟ್ಟಿ ಬೀಜ ತೆಗೀತಾರೆ. ಮನೆಗೆ ಬೇಕಾದಷ್ಟು ಇಟ್ಟುಕೊಂಡು ಮಿಕ್ಕಿದ್ದು ಹಿಂದೂಪುರದ ಮಾರುಕಟ್ಟೆಗೆ.

ನನ್ನ ತಮ್ಮನ ಮಗ ಇಂಗ್ಲೆಂಡಿಗೆ ಓದಲಿಕ್ಕೆ ಹೊರಟಾಗ ನಮ್ಮ ಮನೆಯವಳು ಅವನ ಪೆಟ್ಟಿಗೆಯೊಳಗೆ ಒಂದು ಪೊಟ್ಟಣ ಹುಣಿಸೆಹಣ್ಣು ಇಟ್ಟಳು. ಅಲ್ಲಿ ಅಂಗಡೀಲೇ ಎಲ್ಲ ಸಿಗುತ್ತೆ ದೊಡ್ಡಮ್ಮ ಅಂತ ಹುಡುಗ ನಕ್ಕ. ನನಗೆ ನಗು ಬರಲಿಲ್ಲ. ನೂರು ವರ್ಷಕ್ಕೂ ಹಿಂದೆ ಕೇಂಬ್ರಿಜ್‌ನಲ್ಲಿ ಕೂತು, ಬೀಜ ತೆಗೆದ ಹುಣಿಸೆಹಣ್ಣು, ಒಳ್ಳೆ ಕೊಬ್ಬರಿ ಎಣ್ಣೆ ಟಪಾಲಿನಲ್ಲಿ ಕಳಿಸಿ ಅಂತ ನಮ್ಮ ದೇಶದ ಸ್ನೇಹಿತನಿಗೆ ಕಾಗದ ಬರೆದ ವಿದ್ಯಾರ್ಥಿಯೊಬ್ಬರು ನೆನಪಾದರು. ಅವರೇ ಶ್ರೀನಿವಾಸ ರಾಮಾನುಜನ್.

ಎಸ್ಸೆಸ್ಸೆಲ್ಸಿ ಲೆಕ್ಕದ ಪರೀಕ್ಷೆಯನ್ನು ಹೇಗೋ ದಾಟಿ ಬಂದವನು ನಾನು. ಅವರ ಗಣಿತ ನನಗೆ ನಿಲುಕುವುದಲ್ಲ. ಆದರೆ ಅನ್ನ ಸಾರಿನ ಕಷ್ಟ ತಿಳಿಯುತ್ತೆ. ಅದಕ್ಕೇ ಅವರ ಬದುಕನ್ನು ಆ ಕಡೆಯಿಂದ ಹೇಳುತ್ತೇನೆ.

ರಾಮಾನುಜನ್ ಹುಟ್ಟಿದ್ದು 1887ರ ಡಿಸೆಂಬರ್ 22ರಂದು ಈರೋಡಿನಲ್ಲಿ, ಬೆಳೆದದ್ದು ಕುಂಭಕೋಣದಲ್ಲಿ. ತಂದೆ ಬಟ್ಟೆ ಅಂಗಡಿಯಲ್ಲಿ ಗುಮಾಸ್ತೆ. ತಾಯಿ ಕೋಮಲತಮ್ಮಾಳ್ ದೇವಸ್ಥಾನದಲ್ಲಿ ಭಜನೆ ಹಾಡುತ್ತಿದ್ದ ಗಟ್ಟಿಗಿತ್ತಿ. ಮಗನಿಗೆ ಗಣಿತ ಒಂದು ಬಿಟ್ಟು ಬೇರೆ ಯಾವುದೂ ಹತ್ತಲಿಲ್ಲ. ಕಾಲೇಜಿನಲ್ಲಿ ಸ್ಕಾಲರ್‌ಶಿಪ್ ಹೋಯಿತು, ಪರೀಕ್ಷೆಯಲ್ಲಿ ಮತ್ತೆ ಮತ್ತೆ ಫೇಲಾದರು. 1909ರಲ್ಲಿ ಪುಟ್ಟ ಹುಡುಗಿ ಜಾನಕಿಯ ಜೊತೆ ಮದುವೆ. 1912ರಲ್ಲಿ ಮದರಾಸಿನ ಪೋರ್ಟ್ ಟ್ರಸ್ಟ್‌ನಲ್ಲಿ ಗುಮಾಸ್ತೆ ಕೆಲಸ ಸಿಕ್ಕಿತು. 1913ರ ಜನವರಿಯಲ್ಲಿ ಕೇಂಬ್ರಿಜ್‌ನ ಗಣಿತಜ್ಞ ಹಾರ್ಡಿಗೆ ತಮ್ಮ ಸೂತ್ರಗಳನ್ನು ಬರೆದು ಕಳಿಸಿದರು. ಓದಿದ ಹಾರ್ಡಿ ಬೆರಗಾಗಿ, ಇವರನ್ನು ಅಲ್ಲಿಗೇ ಕರೆಸಿಕೊಳ್ಳಬೇಕು ಅಂತ ಪಟ್ಟು ಹಿಡಿದರು.

ಹೋಗುವುದು ಸುಲಭವಿರಲಿಲ್ಲ. ಸಮುದ್ರ ದಾಟಿದರೆ ಜಾತಿ ಹೋಯಿತು ಅನ್ನುವ ಕಾಲ ಅದು. ಕೊನೆಗೆ ತಾಯಿಗೇ ಕನಸಿನಲ್ಲಿ ನಾಮಗಿರಿ ಅಮ್ಮನ ಅಪ್ಪಣೆ ಆಯಿತು ಅಂತ ಹೇಳುತ್ತಾರೆ. ಮದರಾಸು ವಿಶ್ವವಿದ್ಯಾಲಯ ವರ್ಷಕ್ಕೆ 250 ಪೌಂಡು ಕೊಡಲು ಒಪ್ಪಿತು. ಹೊರಡುವ ಮುಂಚೆ ಜುಟ್ಟು ಕತ್ತರಿಸಬೇಕಾಯಿತು, ಪ್ಯಾಂಟು, ಕೋಟು, ಬೂಟು ಅಭ್ಯಾಸ ಮಾಡಿಕೊಳ್ಳಬೇಕಾಯಿತು. ಅದನ್ನು ತಾಯಿ, ಹೆಂಡತಿ ನೋಡಬಾರದು ಅಂತ ಅವರನ್ನು ಮೊದಲೇ ಊರಿಗೆ ಕಳಿಸಿದ್ದರು. 1914ರ ಮಾರ್ಚ್ 17ರಂದು ಹಡಗು ಹತ್ತಿದರು. ಏಪ್ರಿಲ್ 14ಕ್ಕೆ ಲಂಡನ್.

ಮೊದಲ ಕೆಲವು ವಾರ ನೆವಿಲ್ ಎಂಬ ಮೇಷ್ಟರ ಮನೆಯಲ್ಲಿದ್ದು, ಆಮೇಲೆ ಟ್ರಿನಿಟಿ ಕಾಲೇಜಿನ ಕೋಣೆಗೆ ಹೋದರು. ಬೂಟು ಕಾಲನ್ನು ಹಿಂಡುತ್ತಿತ್ತು, ಕೋಣೆಗೆ ಬಂದರೆ ಸಾಕು ಚಪ್ಪಲಿ. ಕಾಲೇಜಿನ ಅಡಿಗೆಮನೆಯ ಊಟ ಮುಟ್ಟಲಿಲ್ಲ. ಗ್ಯಾಸ್ ಒಲೆ ಮೇಲೆ ತಾವೇ ಬೇಯಿಸಿಕೊಳ್ಳುತ್ತಿದ್ದರು. ಆಗಸ್ಟಿನಲ್ಲಿ ಮಹಾಯುದ್ಧ ಶುರುವಾಯಿತು. ಕಾಲೇಜಿನ ಅಂಗಳದಲ್ಲಿ ಗಾಯಾಳು ಸೈನಿಕರ ಹಾಸಿಗೆಗಳು ಬಂದವು. ಹುಡುಗರು ಯುದ್ಧಕ್ಕೆ ಹೋದರು. ತರಕಾರಿ, ಹಾಲು ದುರ್ಲಭವಾಯಿತು.

ಚಳಿಯ ಕತೆ ಕೇಳಿ. ಮುಂದೆ ಕಲ್ಕತ್ತಾದಲ್ಲಿ ಸಂಖ್ಯಾಶಾಸ್ತ್ರದ ಸಂಸ್ಥೆ ಕಟ್ಟಿದ ಮಹಲನೋಬಿಸ್ ಆಗ ಅಲ್ಲೇ ವಿದ್ಯಾರ್ಥಿ. ಒಂದು ದಿನ ಬಂದು ನೋಡಿದರೆ ರಾಮಾನುಜನ್ ಬೆಂಕಿಗೆ ಅಂಟಿಕೊಂಡು ಕೂತಿದ್ದಾರೆ. ರಾತ್ರಿ ಓವರ್‌ಕೋಟು ಹಾಕಿಕೊಂಡು, ಶಾಲು ಹೊದ್ದು ಮಲಗಿದರೂ ನಡುಕ ನಿಲ್ಲುವುದಿಲ್ಲ ಅಂತ ಹೇಳಿದರು. ಮಹಲನೋಬಿಸ್ ಹಾಸಿಗೆ ನೋಡಿದರು. ಕಂಬಳಿಗಳು ಇದ್ದವು! ಆ ದೇಶದ ರೀತಿಯಲ್ಲಿ ಅವನ್ನು ಹಾಸಿಗೆ ಕೆಳಗೆ ಬಿಗಿಯಾಗಿ ಮಡಚಿಟ್ಟು, ಮೇಲೊಂದು ಹೊದಿಕೆ ಮುಚ್ಚಿದ್ದರು. ಬಿಡಿಸಿ ಒಳಗೆ ತೂರಿ ಮಲಗಬೇಕು ಅನ್ನುವುದು ಇವರಿಗೆ ಗೊತ್ತೇ ಇರಲಿಲ್ಲ. ಅನಂತದ ಲೆಕ್ಕ ಮಾಡುತ್ತಿದ್ದವರಿಗೆ ಕಂಬಳಿಯ ಲೆಕ್ಕ ಹೇಳಿಕೊಡುವವರು ಇರಲಿಲ್ಲ. ಇದರಲ್ಲಿ ನಗುವಂಥದ್ದೇನಿದೆ? ನಾಚಿಕೆಗೆ ಯಾರನ್ನೂ ಕೇಳದೆ ನಡುಗಿಕೊಂಡು ಮಲಗಿದ ರಾತ್ರಿಗಳು ಎಷ್ಟೋ.

ಇನ್ನೊಂದು ಪ್ರಸಂಗ. ಚಟರ್ಜಿ ಎಂಬ ಸ್ನೇಹಿತನನ್ನೂ ಇಬ್ಬರು ಹೆಣ್ಣುಮಕ್ಕಳನ್ನೂ ಊಟಕ್ಕೆ ಕರೆದು ತಾವೇ ಸಾರು ಮಾಡಿ ಬಡಿಸಿದರು. ಮೊದಲ ಸಲ ಹೊಗಳಿ ಕುಡಿದರು. ಇನ್ನೊಂದು ಸಲವೂ ಹಾಕಿಸಿಕೊಂಡರು. ಮೂರನೆಯ ಸಲ ಹೆಣ್ಣುಮಕ್ಕಳು ಸಾಕು ಅಂದರು. ಸ್ವಲ್ಪ ಹೊತ್ತಿಗೆ ನೋಡಿದರೆ ಬಡಿಸುತ್ತಿದ್ದವರೇ ಇಲ್ಲ! ಎಲ್ಲಿ ಹುಡುಕಿದರೂ ಸಿಗಲಿಲ್ಲ. ನಾಲ್ಕು ದಿನ ಕಳೆದ ಮೇಲೆ ಆಕ್ಸ್‌ಫರ್ಡಿನಿಂದ ತಂತಿ ಬಂತು, ಐದು ಪೌಂಡು ಕಳಿಸಿ ಅಂತ. ಬಡಿಸಿದ್ದನ್ನು ಬೇಡ ಅಂದದ್ದು ಅವರಿಗೆ ಅವಮಾನವಾಗಿ ಕಂಡಿತ್ತು. ನಮ್ಮ ಕಡೆಯ ಹೆಂಗಸರಿಗೆ ಇದನ್ನು ಹೇಳಿದರೆ ಒಬ್ಬರೂ ಅದನ್ನು ಹುಚ್ಚುತನ ಅನ್ನುವುದಿಲ್ಲ. ಸಮುದ್ರ ದಾಟಿ ಬಂದ ಹುಣಿಸೆಹಣ್ಣಿನ ಬೆಲೆ ಅವರಿಗೆ ಗೊತ್ತು.

ಹಾರ್ಡಿ ಒಳ್ಳೆಯವರು. ದಿನಾ ಕೂತು ಗಣಿತ ಮಾತಾಡುತ್ತಿದ್ದರು. ಆದರೆ ಊಟ ಆಯಿತಾ ಅಂತ ಕೇಳಿ ಮಾತು ಶುರುಮಾಡುವುದು ನಮ್ಮ ಪದ್ಧತಿ, ಅವರದಲ್ಲ. 1916ರ ಮಾರ್ಚಿನಲ್ಲಿ ಪದವಿ ಬಂತು. ಊರಿನಿಂದ ಮಾತ್ರ ಜಾನಕಿಯ ಕಾಗದ ಬರಲಿಲ್ಲ. ಅತ್ತೆ ಸೊಸೆಗೆ ಆಗಿಬರುತ್ತಿರಲಿಲ್ಲ, ಇತ್ತಿಂದ ಅತ್ತ, ಅತ್ತಿಂದ ಇತ್ತ ಹೋಗುವ ಕಾಗದಗಳನ್ನು ತಾಯಿಯೇ ತಡೆದಿದ್ದರು.

1917ರಲ್ಲಿ ಕಾಯಿಲೆ ಬಿದ್ದರು. ಕ್ಷಯ ಅಂದರು. ಆಗ ಅದಕ್ಕೆ ಔಷಧಿ ಇರಲಿಲ್ಲ, ತಣ್ಣನೆ ಗಾಳಿ ಮತ್ತು ಪುಷ್ಟಿಯ ಊಟವೇ ಚಿಕಿತ್ಸೆ. ಚಳಿಗೆ ನಡುಗುವವರನ್ನು ಮ್ಯಾಟ್‌ಲಾಕ್ ಎಂಬ ಊರಿನ ಗಾಳಿಮನೆಯಲ್ಲಿ ಮಲಗಿಸಿದರು. ಅಲ್ಲಿಯ ಊಟ ಸೇರಲಿಲ್ಲ. 1918ರ ಮೊದಲಲ್ಲಿ ಒಂದು ದಿನ ಲಂಡನ್ನಿನ ನೆಲದಡಿಯ ರೈಲಿನ ಹಳಿಗೆ ಹಾರಿಬಿಟ್ಟರು. ಕಂಡವರು ಗಾಡಿ ನಿಲ್ಲಿಸಿದ್ದರಿಂದ ಜೀವ ಉಳಿಯಿತು. ಪೊಲೀಸರ ಕೈಯಿಂದ ಹಾರ್ಡಿ ಬಿಡಿಸಿ ತಂದರು. ಅದೇ ವರ್ಷ ರಾಯಲ್ ಸೊಸೈಟಿಯ ಫೆಲೋ ಆದರು, ಅಕ್ಟೋಬರಿನಲ್ಲಿ ಟ್ರಿನಿಟಿಯ ಫೆಲೋ ಕೂಡ, ಅಲ್ಲಿ ಈ ಮರ್ಯಾದೆ ಪಡೆದ ಮೊದಲ ಭಾರತೀಯರು. ನೋಡಲು ಬಂದ ಹಾರ್ಡಿ ತಮ್ಮ ಟ್ಯಾಕ್ಸಿಯ ನಂಬರು 1729ರಲ್ಲಿ ಸ್ವಾರಸ್ಯವಿಲ್ಲ ಅಂದಾಗ, ಎರಡು ಘನಗಳ ಮೊತ್ತವಾಗಿ ಎರಡು ರೀತಿ ಬರೆಯಬಹುದಾದ ಅತಿ ಚಿಕ್ಕ ಸಂಖ್ಯೆ ಅದು ಅಂತ ಮಲಗಿದ್ದಲ್ಲಿಂದಲೇ ಹೇಳಿದರು. ಈ ಸಂಗತಿ ಮಕ್ಕಳಿಗೂ ಗೊತ್ತು. ಹಳಿಯ ಸಂಗತಿ ದೊಡ್ಡವರಿಗೂ ಗೊತ್ತಿಲ್ಲ.

1919ರ ಮಾರ್ಚ್ 27ರಂದು ಬೊಂಬಾಯಿಗೆ ಬಂದಿಳಿದರು. ತಾಯಿ ನಿಂತಿದ್ದರು. ಜಾನಕಿ ಎಲ್ಲಿ ಅಂತಲೇ ಮೊದಲು ಕೇಳಿದರಂತೆ. ಕೊನೆಯ ವರ್ಷ ಜಾನಕಿಯೇ ಉಪಚಾರ ಮಾಡಿದರು. ಹಾಸಿಗೆಯಲ್ಲೇ ಗಣಿತ ಬರೆಯುತ್ತಾ 1920ರ ಏಪ್ರಿಲ್ 26ರಂದು ಮದರಾಸಿನಲ್ಲಿ ತೀರಿಕೊಂಡರು. ವಯಸ್ಸು 32. ಸಮುದ್ರ ದಾಟಿದವರು ಅಂತ ಕೆಲವು ನೆಂಟರು ಸಂಸ್ಕಾರಕ್ಕೂ ಬರಲಿಲ್ಲವಂತೆ. ಜಾನಕಿ ಹೊಲಿಗೆ ಮಾಡಿ ಬದುಕಿ 1994ರವರೆಗೂ ಇದ್ದರು.

ನಮ್ಮ ತೆಲುಗಿನಲ್ಲಿ ಹುಣಿಸೆಗೂ ಚಿಂತೆಗೂ ಒಂದೇ ಮಾತು, ಚಿಂತ. ಆ ಟಪಾಲಿನ ಪೊಟ್ಟಣದಲ್ಲಿ ಎರಡೂ ಹೋಗಿತ್ತು ಅಂತ ಕಾಣುತ್ತೆ.

ಈಗ ಗಡಿಯ ಸಣ್ಣ ಸಣ್ಣ ಹಳ್ಳಿಗಳಿಂದಲೂ ಮಕ್ಕಳು ಹೊರದೇಶಕ್ಕೆ ಹೋಗುತ್ತಿದ್ದಾರೆ. ಫೋನಿನಲ್ಲಿ ನಾವು ಮಾರ್ಕ್ಸು ಕೇಳುತ್ತೇವೆ, ಕೆಲಸ ಯಾವಾಗ ಅಂತ ಕೇಳುತ್ತೇವೆ. ನಮ್ಮ ಹುಡುಗನನ್ನು ನಾನು ಕೇಳುವುದು ಎರಡೇ. ರಾತ್ರಿ ಕಂಬಳಿ ಹೊದ್ದೆಯೇನಪ್ಪಾ? ಯಾರ ಜೊತೆ ಕೂತು ಉಂಡೆ? ಎರಡನೆಯದಕ್ಕೆ ಅವನು ಒಂದು ಹೆಸರು ಹೇಳಿದ ದಿನ ನನಗೆ ನಿದ್ದೆ ಬರುತ್ತೆ.